ತಪ್ಪು ಬೆರಳಿನದೋ, ಗುಂಡಿಯದೋ?

ಯಂತ್ರಗಳ ಕುರಿತು ವಿಮರ್ಶೆ ಬರೆಯುವ ರೂಢಿ ನಮ್ಮಲ್ಲಿ ಕಡಿಮೆ. ಕತೆ, ಕವಿತೆ, ನಾಟಕ, ಸಿನಿಮಾಗಳನ್ನು ನಾವು ಒರೆಗೆ ಹಚ್ಚಿ ನೋಡುತ್ತೇವೆ. ಆದರೆ ಪ್ರತಿದಿನ ಕೈಯಲ್ಲಿ ಹಿಡಿಯುವ ಒಂದು ವಸ್ತುವನ್ನೂ ಯಾರೋ ಕೂತು ಯೋಚಿಸಿ ರೂಪಿಸಿರುತ್ತಾರೆ, ಆ ಯೋಚನೆಯಲ್ಲೂ ಸರಿ-ತಪ್ಪುಗಳಿರುತ್ತವೆ, ಆ ತಪ್ಪಿಗೆ ಬೇರೆ ಯಾರೋ ಬೆಲೆ ತೆರುತ್ತಾರೆ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಕ್ಯಾಮೆರಾ ಅಂಥದೊಂದು ವಸ್ತು. ಅದು ತೆಗೆದ ಚಿತ್ರದ ಬಗ್ಗೆ ಚರ್ಚಿಸುತ್ತೇವೆ. ಚಿತ್ರ ತೆಗೆದವನನ್ನು ಹೊಗಳುತ್ತೇವೆ ಇಲ್ಲವೇ ಬೈಯುತ್ತೇವೆ. ಅದರ ಮೈಮೇಲಿನ ಗುಂಡಿ ಮತ್ತು ಡಯಲ್‌ಗಳನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ.

ನಮ್ಮ ಊರುಗಳ ಶಾದಿ ಮಹಲ್‌ಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ಕ್ಯಾಮೆರಾವನ್ನು ಹೆಗಲಿಗೆ ಇಳಿಬಿಟ್ಟುಕೊಂಡು ಜನರ ನಡುವೆ ನುಸುಳಿ ಓಡಾಡುವ ಫೋಟೋಗ್ರಾಫರನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ವರ 'ಕಬೂಲ್' ಎನ್ನುವುದು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ತಾಳಿ ಕಟ್ಟುವುದೂ ಹಾಗೆಯೇ. ಚಿತ್ರ ಕಪ್ಪಾಗಿ ಬಂದಿದೆ, ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಕಟ್ಟಿ ಎಂದು ಯಾರನ್ನೂ ಕೇಳುವಂತಿಲ್ಲ. ಜನಸಂದಣಿಯಲ್ಲಿ ಯಾರದೋ ಮೊಣಕೈ ತಾಗಿ, ಇಲ್ಲವೇ ಬ್ಯಾಗಿನಿಂದ ಎಳೆಯುವಾಗ ಬಟ್ಟೆಗೆ ಉಜ್ಜಿ, ಕ್ಯಾಮೆರಾದ ಮೇಲಿನ ಒಂದು ಡಯಲ್ ಸದ್ದಿಲ್ಲದೆ ಎರಡು ಮೆಟ್ಟಿಲು ಜಾರಿದರೆ ಸಾಕು. ಆ ದಿನದ ಅರ್ಧ ಚಿತ್ರಗಳ ಗತಿ ಮುಗಿದಂತೆ. ಹುಡುಗಿಯ ಕಡೆಯವರು ಬಾಕಿ ಹಣ ತಡೆಹಿಡಿಯುತ್ತಾರೆ. 'ಕೆಲಸ ಬಾರದವನು' ಎಂಬ ಹೆಸರು ಊರಲ್ಲಿ ಹರಡುತ್ತದೆ. ಗುಂಡಿಯನ್ನು ರೂಪಿಸಿದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಈ ಡಯಲ್‌ಗಳು ಮಾಡುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿತ್ರಕ್ಕೆ ಎಷ್ಟು ಬೆಳಕು ಸಲ್ಲಬೇಕೆಂಬುದನ್ನು ಶಟರ್ ವೇಗ, ಅಪರ್ಚರ್ ಮತ್ತು ಐಎಸ್‌ಒ ಎಂಬ ಮೂರು ಸಂಗತಿಗಳು ನಿರ್ಧರಿಸುತ್ತವೆ. ಕ್ಯಾಮೆರಾ ತಾನಾಗಿ ಬೆಳಕನ್ನು ಅಳೆಯುವಾಗ ಎದುರಿಗೆ ಕಾಣುವುದೆಲ್ಲ ನಡುಮಟ್ಟದ ಬೂದು ಬಣ್ಣವೆಂದು ಭಾವಿಸುತ್ತದೆ. ಹಾಗಾಗಿ ಬಿಳಿ ಜುಬ್ಬಾ ತೊಟ್ಟವರ ಸಾಲನ್ನು ಮಂಕಾಗಿಸುತ್ತದೆ, ಕಪ್ಪು ಬುರ್ಖಾ ತೊಟ್ಟವರ ಗುಂಪನ್ನು ಬೆಳ್ಳಗಾಗಿಸುತ್ತದೆ. ಈ ಲೆಕ್ಕವನ್ನು ತಿದ್ದಲು ಎಕ್ಸ್‌ಪೋಜರ್ ಕಾಂಪೆನ್ಸೇಷನ್ ಎಂಬ ಡಯಲ್ ಇದೆ. ಅದನ್ನು ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟಾಗುತ್ತದೆ, ಎರಡು ಸ್ಟಾಪ್ ಇಳಿಸಿದರೆ ಕಾಲು ಭಾಗಕ್ಕೆ ಬರುತ್ತದೆ. ತಿಳಿದವನ ಕೈಯಲ್ಲಿ ಇದು ಒಳ್ಳೆಯ ಸಾಧನ. ಆದರೆ ಅರಿವಿಲ್ಲದೆ ತಿರುಗಿದಾಗಲೂ ಅದು ತನ್ನ ಕೆಲಸವನ್ನು ಅಷ್ಟೇ ನಿಷ್ಠೆಯಿಂದ ಮಾಡುತ್ತದೆ.

'ನೋಡಿಕೊಂಡು ಕೆಲಸ ಮಾಡಬೇಕಿತ್ತು' ಎಂದು ಹೇಳುವುದು ಸುಲಭ. ಇದೇ ಮಾತನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲಕರಿಗೂ ಹೇಳಲಾಗಿತ್ತು. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೂ ಕೆಲವೊಮ್ಮೆ ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ರೆಕ್ಕೆಯ ಫ್ಲಾಪ್ ಮಡಚಲು ಹೋದ ಚಾಲಕ ಚಕ್ರಗಳನ್ನೇ ಮಡಚಿಬಿಡುತ್ತಿದ್ದ. ಮನಃಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಪರಿಶೀಲಿಸಿದಾಗ ಎರಡರ ಸ್ವಿಚ್ಚುಗಳೂ ಒಂದೇ ರೂಪದಲ್ಲಿ ಪಕ್ಕಪಕ್ಕದಲ್ಲೇ ಇರುವುದು ಕಂಡಿತು. ಒಂದಕ್ಕೆ ಚಕ್ರದ ಆಕಾರದ ಹಿಡಿ, ಇನ್ನೊಂದಕ್ಕೆ ರೆಕ್ಕೆಯಂಥ ಹಿಡಿ ಕೊಟ್ಟರೆ ಕೈಗೆ ತಾನಾಗಿಯೇ ವ್ಯತ್ಯಾಸ ತಿಳಿಯುತ್ತದೆ ಎಂಬುದು ಅವರ ಪರಿಹಾರವಾಗಿತ್ತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬಿಬ್ಬರು 'ಚಾಲಕನ ತಪ್ಪು' ಎಂದು ಕರೆಯಲಾಗುತ್ತಿದ್ದ 460 ಅನುಭವಗಳನ್ನು ಕಲೆಹಾಕಿ ವಿಶ್ಲೇಷಿಸಿದರು. ಅವುಗಳಲ್ಲಿ ಬಹುಪಾಲನ್ನು ಉಪಕರಣದ ರಚನೆಯನ್ನು ಬದಲಿಸಿ ತಪ್ಪಿಸಬಹುದೆಂಬ ದಾರಿಯನ್ನು ಅವರ ಅಧ್ಯಯನ ತೋರಿತು. ಆರೋಪಿಯ ಕಟಕಟೆಯಲ್ಲಿ ಅದುವರೆಗೆ ಮನುಷ್ಯನೊಬ್ಬನೇ ನಿಂತಿದ್ದ. ಈಗ ಯಂತ್ರವೂ ಅವನ ಪಕ್ಕದಲ್ಲಿ ಬಂದು ನಿಲ್ಲಬೇಕಾಯಿತು.

ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ ದಿನಬಳಕೆಯ ವಸ್ತುಗಳ ಕುರಿತ ಪುಸ್ತಕದಲ್ಲಿ ಇನ್ನೊಂದು ಉಪಯುಕ್ತ ಭೇದವನ್ನು ವಿವರಿಸಿದರು. ತಿಳಿವಳಿಕೆಯೇ ತಪ್ಪಾಗಿದ್ದು ಮಾಡುವ ತಪ್ಪು ಒಂದು ಬಗೆ. ತಿಳಿವಳಿಕೆ ಸರಿಯಿದ್ದೂ ಕೈ ಜಾರಿ ಆಗುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಕಲಿಕೆ ಮದ್ದು. ಎರಡನೆಯದಕ್ಕೆ ಕಲಿಕೆಯಿಂದ ಹೆಚ್ಚು ಪ್ರಯೋಜನವಿಲ್ಲ. ಕೈ ಪಳಗಿದಷ್ಟೂ ಕಣ್ಣು ಅದರ ಮೇಲಿನ ಕಾವಲನ್ನು ಸಡಿಲಿಸುತ್ತದೆ. ಮೂವತ್ತು ವರ್ಷ ಫೋಟೋ ತೆಗೆದವರ ಡಯಲ್ ಕೂಡ ಬ್ಯಾಗಿನೊಳಗೆ ತಿರುಗಬಲ್ಲದು. ಅದಕ್ಕೆ ಅನುಭವ ಅಡ್ಡಬರುವುದಿಲ್ಲ.

ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ರೂಪಿಸಿದವರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. 1976ರಲ್ಲಿ ಬಂದ ಪೆಂಟಾಕ್ಸ್ ಕೆ1000 ನೋಡಿ, 1982ರ ನಿಕಾನ್ ಎಫ್‌ಎಂ2 ನೋಡಿ. ಶಟರ್ ವೇಗವನ್ನು ಬದಲಿಸಲು ಡಯಲನ್ನು ಸುಮ್ಮನೆ ತಿರುಗಿಸಿದರೆ ಆಯಿತು. ಆದರೆ ಫಿಲ್ಮಿನ ಸಂವೇದನೆಯ ಅಂಕಿಯನ್ನು ಬದಲಿಸಬೇಕಾದರೆ ಅದೇ ಡಯಲಿನ ಹೊರ ಅಂಚನ್ನು ಮೇಲಕ್ಕೆತ್ತಿ ತಿರುಗಿಸಬೇಕು. ಶಟರ್ ವೇಗ ಕ್ಷಣಕ್ಷಣಕ್ಕೂ ಬದಲಾಗುವಂಥದ್ದು, ಫಿಲ್ಮಿನ ಸಂವೇದನೆಯಾದರೋ ರೋಲ್ ಬದಲಿಸುವವರೆಗೆ ಬದಲಾಗುವಂಥದ್ದಲ್ಲ. ಪದೇ ಪದೇ ಬೇಕಾದುದನ್ನು ಸಲೀಸಾಗಿಸಿ, ಅಪರೂಪಕ್ಕೆ ಬೇಕಾದುದನ್ನು ಸ್ವಲ್ಪ ಕಷ್ಟವಾಗಿಸಿದ್ದರು. ಇನ್ನೊಂದು ಗುಣವೂ ಅವುಗಳಿಗಿತ್ತು. ಕ್ಯಾಮೆರಾವನ್ನು ಮೇಲಿನಿಂದ ನೋಡಿದರೆ ಸಾಕು, ಅಂಕಿಗಳು ಕಣ್ಣಿಗೆ ಬೀಳುತ್ತಿದ್ದವು. ಯಂತ್ರ ಯಾವ ಸ್ಥಿತಿಯಲ್ಲಿದೆ ಎಂಬುದು ಗುಟ್ಟಾಗಿರಲಿಲ್ಲ.

1985ರ ಮಿನೋಲ್ಟಾ 7000 ಡಯಲ್‌ಗಳನ್ನು ಕಿತ್ತುಹಾಕಿ ಒತ್ತುಗುಂಡಿಗಳನ್ನು ತಂದಿತು. 1986ರ ಕ್ಯಾನನ್ ಟಿ90 ಶಟರ್ ಗುಂಡಿಯ ಹಿಂದೆ ಒಂದು ಚಕ್ರವನ್ನಿಟ್ಟು, ಅಂಕಿಗಳನ್ನು ಪುಟ್ಟ ಪರದೆಗೆ ವರ್ಗಾಯಿಸಿತು. ಒಂದೇ ಚಕ್ರ ಹೊತ್ತಿಗೊಂದು ಕೆಲಸ ಮಾಡತೊಡಗಿತು. ಇಂದಿನ ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳು ಈ ವಂಶದವೇ. ಬೆರಳಿಗೆ ಅನುಕೂಲವಾಯಿತು, ವೇಗ ಬಂತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಚಕ್ರವನ್ನು ಮುಟ್ಟಿ ನೋಡಿದರೆ ಅದು ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಪರದೆಯನ್ನು ಓದಬೇಕು. ಮದುವೆಯ ಗದ್ದಲದಲ್ಲಿ ಓದುವ ವ್ಯವಧಾನ ಯಾರಿಗಿದೆ?

ಇಲ್ಲಿ ಕ್ಯಾನನ್ ಕಂಪೆನಿಯದೇ ಒಂದು ಪ್ರಸಂಗವನ್ನು ನೆನೆಯಬೇಕು. 2008ರ 5ಡಿ ಮಾರ್ಕ್ 2 ಮತ್ತು 2009ರ 7ಡಿ ಕ್ಯಾಮೆರಾಗಳ ಎಡಭುಜದ ಮೇಲಿನ ಮೋಡ್ ಡಯಲ್‌ಗೆ ಬೀಗವಿರಲಿಲ್ಲ. ಕ್ಯಾಮೆರಾ ಮೈಗೆ ಉಜ್ಜಿದಾಗ ಡಯಲ್ ಬೇರೆ ಮೋಡ್‌ಗೆ ಹೊರಳುತ್ತದೆ ಎಂಬ ದೂರುಗಳು ಬಂದವು. 2010ರಲ್ಲಿ ಬಂದ 60ಡಿ ಕ್ಯಾಮೆರಾದ ಡಯಲ್ ನಡುವೆ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಮಾತ್ರ ಡಯಲ್ ತಿರುಗುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದಲ್ಲಿ ಕಂಪೆನಿ ಹಳೆಯ ಎರಡು ಮಾದರಿಗಳಿಗೂ ಬೀಗವಿರುವ ಡಯಲ್ ಜೋಡಿಸಿಕೊಡುವ ಸೇವೆ ಆರಂಭಿಸಿತು. ಅದಕ್ಕೆ 100 ಡಾಲರ್ ಶುಲ್ಕ! 2012ರ 5ಡಿ ಮಾರ್ಕ್ 3ರಲ್ಲಿ ಬೀಗ ಹುಟ್ಟಿನಿಂದಲೇ ಇತ್ತು. ಬೀಗ ಅಗತ್ಯವೆಂದು ಹೀಗೆ ಕೆಲಸದಲ್ಲಿ ಒಪ್ಪಿಕೊಂಡ ಮೇಲೆ, ಅದರ ವೆಚ್ಚವನ್ನು ಮಾತ್ರ ಕೊಂಡವನೇ ಭರಿಸಬೇಕೆಂಬುದು ಯಾವ ನ್ಯಾಯ?

ಹಾಗೆಂದು ಎಲ್ಲದಕ್ಕೂ ಬೀಗ ಜಡಿಯುವುದೇ ಪರಿಹಾರವೆಂದು ನಾವು ಹೇಳುತ್ತಿಲ್ಲ. 2014ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್-ಟಿ1 ಹಳೆಯ ಕಾಲದ ಅಂಕಿ ಕೊರೆದ ಡಯಲ್‌ಗಳನ್ನು ಮರಳಿ ತಂದು ಹಲವರ ಮನಗೆದ್ದಿತು. ಆದರೆ ಅದರ ಐಎಸ್‌ಒ ಡಯಲನ್ನು ತಿರುಗಿಸಬೇಕಾದರೆ ನಡುವಿನ ಗುಂಡಿಯನ್ನು ಪ್ರತಿ ಸಲವೂ ಒತ್ತಿ ಹಿಡಿಯಬೇಕಿತ್ತು. ಫಿಲ್ಮ್ ಕಾಲದಲ್ಲಿ ರೋಲಿಗೊಮ್ಮೆ ಬದಲಾಗುತ್ತಿದ್ದ ಐಎಸ್‌ಒ ಡಿಜಿಟಲ್ ಕಾಲದಲ್ಲಿ ಚಿತ್ರಕ್ಕೊಮ್ಮೆ ಬದಲಾಗುತ್ತದೆ. ಹಳೆಯ ಕಾಲದ ಕಾವಲು ಹೊಸ ಕಾಲದಲ್ಲಿ ತೊಡಕಾಯಿತು. ಅದೇ ಡಯಲಿನ ಅಡಿಯಲ್ಲಿದ್ದ ಇನ್ನೊಂದು ಉಂಗುರ ಮೇಲಿನದರ ಜೊತೆಗೆ ತಾನೂ ಜರುಗುತ್ತದೆಂಬ ದೂರು ಬೇರೆ. 2016ರ ಎಕ್ಸ್-ಟಿ2 ಈ ಬೀಗವನ್ನು ಬದಲಿಸಿತು. ಒಮ್ಮೆ ಒತ್ತಿದರೆ ಬೀಗ, ಇನ್ನೊಮ್ಮೆ ಒತ್ತಿದರೆ ಬಿಡುಗಡೆ. ಬೇಕಾದವರು ಹಾಕಿಕೊಳ್ಳಲಿ, ಬೇಡದವರು ತೆರೆದಿಡಲಿ. ನಮ್ಮ ದೃಷ್ಟಿಯಲ್ಲಿ ಇದು ಬಳಸುವವನ ವಿವೇಕಕ್ಕೆ ಗೌರವ ಕೊಟ್ಟ ವಿನ್ಯಾಸ. ಸೋನಿ ಕೂಡ 2018ರ ಎ7 3 ಕ್ಯಾಮೆರಾದಲ್ಲಿ ಬೀಗವಿಲ್ಲದೆ ಬಿಟ್ಟಿದ್ದ ಎಕ್ಸ್‌ಪೋಜರ್ ಡಯಲ್‌ಗೆ 2019ರ ಎ7ಆರ್ 4ರಲ್ಲಿ ಬೀಗದ ಗುಂಡಿ ಕೊಟ್ಟಿತು.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಸಮಸ್ಯೆ ಇಲ್ಲವೆಂದು ಕೆಲವರು ವಾದಿಸುತ್ತಾರೆ. ಅವುಗಳ ಕಿಂಡಿಯಲ್ಲಿ ಕಾಣುವುದು ಎದುರಿನ ನೇರ ದೃಶ್ಯವಲ್ಲ, ಮುಂದೆ ಮೂಡಲಿರುವ ಚಿತ್ರದ ಛಾಯೆ. ಡಯಲ್ ತಿರುಗಿದ್ದರೆ ಚಿತ್ರ ಕಪ್ಪಾಗಿ ಕಾಣುತ್ತದೆ, ಕೂಡಲೇ ಎಚ್ಚರವಾಗುತ್ತದೆ. ವಾದದಲ್ಲಿ ಹುರುಳಿದೆ. ಆದರೆ ಫ್ಲ್ಯಾಷ್ ಬಳಸುವವರು ಈ ಸೌಲಭ್ಯವನ್ನು ಸಾಮಾನ್ಯವಾಗಿ ಆರಿಸಿಡುತ್ತಾರೆ. ಇಲ್ಲದಿದ್ದರೆ ಕಿಂಡಿಯಲ್ಲಿ ಕತ್ತಲೆ ಬಿಟ್ಟು ಬೇರೇನೂ ಕಾಣದು. ನಮ್ಮಲ್ಲಿ ಫ್ಲ್ಯಾಷ್ ಇಲ್ಲದ ಮದುವೆ ಎಲ್ಲಿದೆ? ಸಾಲದೆಂಬಂತೆ ಹಿಂದಿನ ಪರದೆಯೂ ಈಗ ಸ್ಪರ್ಶಕ್ಕೆ ಸ್ಪಂದಿಸುತ್ತದೆ. ಎಡಗಣ್ಣಿನಿಂದ ನೋಡುವವರ ಮೂಗು ಅದಕ್ಕೆ ತಾಗಿ ಫೋಕಸ್ ಬಿಂದು ಮೂಲೆಗೆ ಓಡುವುದುಂಟು. ಮೂಗೂ ಒಂದು ಬೆರಳೆಂದು ಕ್ಯಾಮೆರಾ ಭಾವಿಸಿದರೆ ಮನುಷ್ಯ ಏನು ಮಾಡಬೇಕು?

ಹಾಗಾದರೆ ಒಳ್ಳೆಯ ವಿನ್ಯಾಸವನ್ನು ಅಳೆಯುವುದು ಹೇಗೆ? ನಮ್ಮ ಪ್ರಕಾರ ಪ್ರತಿಯೊಂದು ಗುಂಡಿಗೂ ಮೂರು ಪ್ರಶ್ನೆ ಕೇಳಬೇಕು. ನೀನು ಅರಿವಿಲ್ಲದೆ ತಿರುಗಬಲ್ಲೆಯಾ? ತಿರುಗಿದರೆ ತಿಳಿಸುತ್ತೀಯಾ? ತಿಳಿದ ಮೇಲೆ ಆದ ಹಾನಿಯನ್ನು ಸರಿಪಡಿಸಬಹುದೇ? ಮೂರಕ್ಕೂ ಒಂದೇ ಗುಂಡಿ ಕೆಟ್ಟ ಉತ್ತರ ಕೊಟ್ಟರೆ ಅದಕ್ಕೆ ಬೀಗ ಬೇಕೇ ಬೇಕು. ರಾ ಕಡತದಲ್ಲಿ ತೆಗೆದರೆ ವೈಟ್ ಬ್ಯಾಲೆನ್ಸ್ ತಪ್ಪನ್ನು ಆಮೇಲೆ ತಿದ್ದಬಹುದು. ಹಾಗಾಗಿ ಅದರ ಗುಂಡಿ ಸಡಿಲವಾಗಿದ್ದರೂ ಕ್ಷಮಿಸೋಣ. ಶಟರ್ ವೇಗ ತಗ್ಗಿ ಕಲಸಿಹೋದ ಮುಖವನ್ನು ಯಾರೂ ತಿದ್ದಲಾರರು. ಬಿಳುಪಿನಲ್ಲಿ ಕರಗಿಹೋದ ಸೆರಗಿನ ಕಸೂತಿಯೂ ಮರಳದು. ನಿಕಾನ್‌ನ ಅನೇಕ ಡಿಎಸ್‌ಎಲ್‌ಆರ್‌ಗಳಲ್ಲಿ ಕಾರ್ಡನ್ನು ಗುಂಡಿಗಳಿಂದಲೇ ಫಾರ್ಮ್ಯಾಟ್ ಮಾಡಬೇಕಾದರೆ, ಒಂದಕ್ಕೊಂದು ದೂರವಿರುವ ಎರಡು ಗುಂಡಿಗಳನ್ನು ಒಟ್ಟಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಮತ್ತೊಮ್ಮೆ ಒತ್ತಬೇಕು. ಎಲ್ಲವನ್ನೂ ಅಳಿಸುವ ಕೆಲಸಕ್ಕೆ ಎರಡು ಕೈ, ಎರಡು ಸಮ್ಮತಿ. ಇದನ್ನು ಮಾಡಿದವರಿಗೆ ಮನುಷ್ಯನ ಸ್ವಭಾವ ಗೊತ್ತು.

ಇದರೊಳಗೆ ಹಣದ ಪ್ರಶ್ನೆಯೂ ಇದೆ. ಕಡಿಮೆ ದರ್ಜೆಯ ಎಷ್ಟೋ ಕ್ಯಾಮೆರಾಗಳಲ್ಲಿ ಇಂಥ ಬೀಗಗಳಿರುವುದಿಲ್ಲ. ಸಣ್ಣ ಊರಿನ ಫೋಟೋಗ್ರಾಫರ್ ಸಾಲ ಮಾಡಿ ಅಂಥದನ್ನು, ಇಲ್ಲವೇ ಪೇಟೆಯವರು ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಮಾದರಿಯನ್ನು ಕೊಳ್ಳುತ್ತಾನೆ. ಕಂಪೆನಿ ಹೊಸ ಮಾದರಿಯಲ್ಲಿ ತಿದ್ದಿಕೊಂಡ ದೋಷ ಹಳೆಯ ಮಾದರಿಯ ಜೊತೆಗೆ ಇವನ ಕೈಗೆ ಬರುತ್ತದೆ. ಎರಡನೇ ಕ್ಯಾಮೆರಾ, ಸಹಾಯಕ ಇವೆಲ್ಲ ಇರುವ ದೊಡ್ಡ ಸ್ಟುಡಿಯೋಗೆ ಒಂದು ಡಯಲ್ ಜಾರಿದರೆ ದೊಡ್ಡ ನಷ್ಟವಿಲ್ಲ. ಒಂಟಿ ಕ್ಯಾಮೆರಾದವನಿಗೆ ಅದು ಒಂದು ಸೀಸನ್ನಿನ ಅನ್ನ. ಅದಕ್ಕೇ ಅವನು ಡಯಲಿನ ಮೇಲೆ ಕಪ್ಪು ಟೇಪು ಅಂಟಿಸಿಕೊಳ್ಳುತ್ತಾನೆ. ಆ ಟೇಪಿನ ತುಂಡನ್ನು ಕ್ಯಾಮೆರಾ ರೂಪಿಸುವವರು ಗಮನವಿಟ್ಟು ನೋಡಬೇಕು. ತಾವು ಮಾಡದೆ ಬಿಟ್ಟ ಕೆಲಸ ಯಾವುದೆಂದು ಅದು ಹೇಳುತ್ತದೆ.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತವರಿಗೆ ನುಖ್ತೆಯ ಮಹಿಮೆ ಗೊತ್ತು. 'ಮಹ್ರಮ್' ಎಂದರೆ ಆಪ್ತ, 'ಮುಜ್ರಿಮ್' ಎಂದರೆ ಅಪರಾಧಿ. ಬರಹದಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಚುಕ್ಕಿ. ಅದಕ್ಕಾಗಿಯೇ ಒಳ್ಳೆಯ ಕಾತಿಬರು ಚುಕ್ಕಿಯನ್ನು ಅದರ ಜಾಗದಲ್ಲೇ, ಕಣ್ಣಿಗೆ ಕಾಣುವಂತೆ ಇಡುತ್ತಿದ್ದರು. ಓದುಗ ತಪ್ಪಿ ಓದಿದರೆ ಅದರಲ್ಲಿ ಬರೆದವನ ಪಾಲೂ ಇದೆ ಎಂಬ ಅಳುಕು ಆ ಕಸುಬಿನಲ್ಲಿತ್ತು. ಕ್ಯಾಮೆರಾ ಕಂಪೆನಿಗಳಿಂದ ನಾವು ನಿರೀಕ್ಷಿಸುವುದು ಇಷ್ಟು ಅಳುಕನ್ನು ಮಾತ್ರ. ಹೆಚ್ಚು ಮೆಗಾಪಿಕ್ಸೆಲ್ ಬೇಕೆಂದು ಯಾರೂ ಗೋಳಾಡುತ್ತಿಲ್ಲ. ಇಟ್ಟ ಗುಂಡಿ ಇಟ್ಟಲ್ಲೇ ಇರಲಿ, ಜರುಗಿದರೆ ಒಂದು ಮಾತು ಹೇಳಲಿ.

ನಮ್ಮ ಓದುಗರಲ್ಲೂ ಒಂದು ಕೋರಿಕೆಯಿದೆ. ಮುಂದೆ ಯಾವುದಾದರೂ ಮದುವೆಯ ಆಲ್ಬಮ್ಮಿನಲ್ಲಿ ಒಂದು ಸಾಲು ಚಿತ್ರಗಳು ಮಂಕಾಗಿ ಬಂದಿದ್ದರೆ, ಫೋಟೋಗ್ರಾಫರನ ಹಣ ಮುರಿದುಕೊಳ್ಳುವ ಮುನ್ನ ಅವನ ಮಾತನ್ನೂ ಕೇಳಿ. ಅವನು ಅಲಕ್ಷ್ಯ ಮಾಡಿದ್ದರೆ ಖಂಡಿತ ಹೊಣೆಗಾರ. ಆದರೆ ಸಾವಿರಾರು ಮೈಲಿ ದೂರದಲ್ಲಿ ಯಾರೋ ಒಂದು ಗುಂಡಿಗೆ ಬೀಗವಿಡಲು ಮರೆತದ್ದಕ್ಕೆ ಅವನೊಬ್ಬನೇ ದಂಡ ತೆರುವಂತಾಗಬಾರದು.