ಏಕರೂಪ ಶಿಷ್ಟತೆಯೂ ೞಕಾರದ ಹೆಸರೂ

ಲಿಪಿ ಸಂಕೇತೀಕರಣದ ಶಿಷ್ಟತೆಗಳನ್ನು ತಂತ್ರಜ್ಞರ ದಾಖಲೆಗಳೆಂದು ಭಾಷಾವಿಜ್ಞಾನ ಬದಿಗಿಡುವಂತಿಲ್ಲ. ಲಿಪಿಯ ಬಗೆಗಿನ ವಿಶ್ಲೇಷಣೆಯೊಂದು ಅವುಗಳೊಳಗೆ ಅಡಗಿರುತ್ತದೆ; ಅದು ತಪ್ಪಿದರೆ ವ್ಯಾಕರಣಗ್ರಂಥದ ದೋಷದಂತೆ ಮರುಮುದ್ರಣದಲ್ಲಿ ತಿದ್ದಲಾಗದು. ಯೂನಿಕೋಡ್‌ನಲ್ಲಿ ಕನ್ನಡದ ೞ ಅಕ್ಷರಕ್ಕೆ ದೊರೆತಿರುವ ಅಧಿಕೃತ ನಾಮ 'ಕನ್ನಡ ಲೆಟರ್ ಎಫ್‌ಎ', ಎಂದರೆ ಫ಼ಕಾರ.

ಇದರ ಬೇರು 'ಇಸ್ಕಿ' ಎಂಬ ಭಾರತೀಯ ಸಂಕೇತವ್ಯವಸ್ಥೆಯವರೆಗೆ ಹೋಗುತ್ತದೆ. ಬ್ರಾಹ್ಮಿಯಿಂದ ಬೆಳೆದ ನಮ್ಮ ಲಿಪಿಗಳಿಗೆಲ್ಲ ಒಂದೇ ಕೋಷ್ಟಕ ಸಾಕೆಂಬುದು ಅದರ ತತ್ತ್ವ. ಅದರ 1988ರ ಆವೃತ್ತಿಯನ್ನು ಯೂನಿಕೋಡ್ ಆಧಾರವಾಗಿ ಸ್ವೀಕರಿಸಿತು. ಪರಿಣಾಮವಾಗಿ ಒಂದೊಂದು ಲಿಪಿಗೂ 128 ಮನೆಗಳ ಖಂಡ, ಸದೃಶ ಅಕ್ಷರಗಳಿಗೆ ಸದೃಶ ಸ್ಥಾನ. ಸೊನ್ನೆಯಿಂದ ಎಣಿಸಿದರೆ ದೇವನಾಗರಿ, ಗುರುಮುಖಿಗಳ 94ನೆಯ ಮನೆಯಲ್ಲಿ ಚುಕ್ಕೆಯುಳ್ಳ ಫಕಾರವಿದೆ. ಕನ್ನಡ ಖಂಡದ ಅದೇ ಮನೆಯಲ್ಲಿ ೞ ಕುಳಿತಿದೆ. ಅಕ್ಷರದ ಮುಖ ನೋಡದೆ ಮನೆಯ ಸಂಖ್ಯೆ ನೋಡಿ ಹೆಸರಿಟ್ಟರೆಂದು ನಾವು ಊಹಿಸುತ್ತೇವೆ. ತಮಿಳು, ಮಲಯಾಳಂಗಳಲ್ಲಿ ಇದೇ ಧ್ವನಿಯ ಅಕ್ಷರವಿರುವುದು 52ನೆಯ ಮನೆಯಲ್ಲಿ. 2014ರಲ್ಲಿ ತೆಲುಗಿನ ೞಕಾರವನ್ನು ಸೇರಿಸಿದಾಗಲೂ ಅಲ್ಲಿಯೇ ಸೇರಿಸಿದರು. ಕನ್ನಡದ 52ನೆಯ ಮನೆ ಖಾಲಿ.

ಇದು ಬರಿಯ ಹೆಸರಿನ ಗೊಡವೆಯಲ್ಲವೆ ಎಂದು ಕೇಳಬಹುದು. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಬಳಕೆಯಿಂದ ಜಾರಿಹೋಗುತ್ತಿದ್ದ ಈ ಭೇದವನ್ನು ಉಳಿಸಲೆಂದೇ ಕೇಶಿರಾಜ ರಳ, ಕುಳ, ಕ್ಷಳಗಳನ್ನು ವಿಂಗಡಿಸಿ ತೋರಿಸಿದ. ಅಕ್ಷರನಾಮವನ್ನು ನಂಬಿ ಲಿಪ್ಯಂತರ ಮಾಡುವ ತಂತ್ರಾಂಶವಾದರೋ ಬಾೞ್ ಎಂಬುದನ್ನು ಬಾಫ಼್ ಎಂದು ಓದೀತು. ಸಂಕೇತಸಂಖ್ಯೆಯ ಕ್ರಮದಲ್ಲಿ ಪದಗಳನ್ನು ಜೋಡಿಸಿದರೆ ೞ ಹಕಾರವನ್ನೂ ಸ್ವರಚಿಹ್ನೆಗಳನ್ನೂ ದಾಟಿ ಆಚೆಗೆ ಬೀಳುತ್ತದೆ. ಪದಸೂಚಿ ಮಾಡುವವರು ಬೇರೆಯೇ ವಿಂಗಡಣಾ ನಿಯಮ ಬರೆದುಕೊಳ್ಳಬೇಕು. ಇತ್ತ ನಿಜವಾದ ಫ಼ಕಾರಕ್ಕೆ ಬೇಕಾದ ನುಕ್ತಾ ಕನ್ನಡ ಖಂಡಕ್ಕೆ ಬಂದದ್ದು 2003ರಲ್ಲಿ. ಅಲ್ಲಿಯವರೆಗೆ ಫ಼ಕಾರದ ಹೆಸರಿತ್ತು, ಫ಼ಕಾರವಿರಲಿಲ್ಲ!

ಯೂನಿಕೋಡ್‌ನೊಡನೆ ಹೊಂದಿಕೊಂಡು ನಡೆಯುವ ಐಎಸ್‌ಒ 10646 ಶಿಷ್ಟತೆಗೆ ಮತ ನೀಡುವುದು ದೇಶಗಳ ಮಾನಕ ಸಂಸ್ಥೆಗಳು. ಭಾರತದ ಪರವಾಗಿ ಭಾರತೀಯ ಮಾನಕ ಬ್ಯೂರೋ. ಕನ್ನಡ ಖಂಡ 1991ರ ಮೊದಲ ಆವೃತ್ತಿಯಲ್ಲಿಯೇ ಇತ್ತು. ಒಮ್ಮೆ ಇಟ್ಟ ಅಕ್ಷರನಾಮವನ್ನು ಬದಲಿಸಬಾರದೆಂಬ ನಿಯಮ ಅನ್ವಯವಾಗುವುದು 1996ರ ಎರಡನೆಯ ಆವೃತ್ತಿಯಿಂದ. ನಡುವಿನ ಐದು ವರ್ಷಗಳ ಅವಕಾಶ ಹಾಗೆಯೇ ಕಳೆದುಹೋಯಿತು. ಸ್ಥಿರತೆಯ ನಿಯಮವನ್ನು ನಾವು ದೂರುತ್ತಿಲ್ಲ. ಸರ್ಕಾರ ಸರ್ಕಾರಗಳ ನಡುವಣ ದಾಖಲೆ ವಿನಿಮಯಕ್ಕೆ ಅದು ಬೇಕೇ ಬೇಕು. ಲಿಪಿಗಳ ಸಾಮ್ಯವನ್ನು ಅನುಕೂಲಕ್ಕಾಗಿ ಮೊದಲೇ ಒಪ್ಪಿಕೊಂಡು, ಅದರಿಂದ ಅಕ್ಷರದ ಗುರುತನ್ನು ಅನುಮಾನಿಸಿದ ಕ್ರಮಕ್ಕೆ ನಮ್ಮ ಆಕ್ಷೇಪ. ಹಳಗನ್ನಡ ಬಲ್ಲ ಒಬ್ಬರು ಆ ಹೆಸರುಪಟ್ಟಿಯ ಮೇಲೆ ಕಣ್ಣಾಡಿಸಿದ್ದರೂ ಈ ತಪ್ಪು ಉಳಿಯುತ್ತಿರಲಿಲ್ಲ.

ಯೂನಿಕೋಡ್ ತಪ್ಪನ್ನು ಒಪ್ಪಿಕೊಂಡು 'ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ' ಎಂಬ ತಿದ್ದುಪಡಿ ನಾಮವನ್ನು ಅಧಿಕೃತವಾಗಿ ನೀಡಿದೆ. ಮೂಲ ನಾಮ ಮಾತ್ರ ಹಾಗೆಯೇ ಇದೆ. ಕನ್ನಡ ತಂತ್ರಾಂಶವನ್ನು ಕೊಳ್ಳುವ ಸರ್ಕಾರಿ ಇಲಾಖೆಗಳು ತಮ್ಮ ಟೆಂಡರಿನ ಷರತ್ತುಗಳಲ್ಲಿ ಈ ತಿದ್ದುಪಡಿ ನಾಮಗಳ ಪಾಲನೆಯನ್ನು ಕಡ್ಡಾಯವಾಗಿಸಬಹುದು. ಹಳಗನ್ನಡ ಪಠ್ಯಕೋಶಗಳ ಸಂಪಾದಕರು ಅಷ್ಟರವರೆಗೆ ಕಾಯದೆ, ತಾವು ಬಳಸುವ ಲಿಪ್ಯಂತರ ಸಾಧನ ೞಕಾರವನ್ನು ಹೇಗೆ ಓದುತ್ತದೆಂದು ಮೊದಲು ಪರೀಕ್ಷಿಸುವುದೊಳಿತು.