ದೋಸೆಯ ಪೊಟ್ಟಣ

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಗ್ಗೆ ಯಾರು ಬರೆದರೂ ನಾನು ತಪ್ಪದೆ ಓದುತ್ತೇನೆ. 1943ರಲ್ಲಿ ಶುರುವಾದ ಪುಟ್ಟ ಹೋಟೆಲು, ಮಾಸ್ತಿ, ಡಿ.ವಿ.ಜಿ.ಯಂಥವರು ಓಡಾಡಿದ ಬೀದಿ, ಒಂದೇ ತೋಳಿನ ಮೇಲೆ ತಟ್ಟೆಗಳ ಸಾಲನ್ನೇ ಪೇರಿಸಿಕೊಂಡು ಬರುವ ಮಾಣಿ, ಶುಕ್ರವಾರದ ರಜೆ, ಗೆಳೆಯರ ಹರಟೆ, ಬೈಟೂ ಕಾಫಿ ಎಲ್ಲವೂ ಆ ಬರಹಗಳಲ್ಲಿರುತ್ತವೆ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ: ಆ ಹೊತ್ತಿನಲ್ಲಿ ಇವರ ಮನೆಯ ಹೆಂಗಸರು ಎಲ್ಲಿದ್ದರು?

ನನ್ನ ಅಮ್ಮ ಎಲ್ಲಿದ್ದಳೆಂದು ನಾನು ಹೇಳಬಲ್ಲೆ. ಗವಿಪುರದ ನಮ್ಮ ಮನೆಯಲ್ಲಿ, ಸಂಬಳದ ದಿನ ಅಪ್ಪ ತರುವ ಪೊಟ್ಟಣಕ್ಕೆ ಕಾಯುತ್ತಿದ್ದಳು. ಒಳಗೆ ಬಾಳೆಲೆ, ಹೊರಗೆ ಹಳೆಯ ಪೇಪರು, ಸುತ್ತ ದಾರ. ಮನೆ ಸೇರುವಷ್ಟರಲ್ಲಿ ದೋಸೆಯ ಗರಿ ಇಳಿದು ಮೆತ್ತಗಾಗಿರುತ್ತಿತ್ತು. ಅಮ್ಮ ನಮಗೆಲ್ಲ ಹಂಚಿ, ಉಳಿದ ಅಂಚನ್ನು ಬಾಯಿಗೆ ಹಾಕಿಕೊಂಡು, “ಇದಕ್ಯಾಕೆ ಇಷ್ಟೊಂದು ಹೆಸರು?” ಎನ್ನುತ್ತಿದ್ದಳು. ಅವಳ ವಿಮರ್ಶೆಯಲ್ಲಿ ತಪ್ಪೇನೂ ಇರಲಿಲ್ಲ. ಅವಳು ತಿಂದದ್ದೇ ಬೇರೆ ದೋಸೆ.

1994ರಲ್ಲಿ ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದ ಹುಮ್ಮಸ್ಸಿನಲ್ಲಿ ಶಾಲೆಯ ಹತ್ತಿರದ ಬೇರೊಂದು ಹೋಟೆಲಿಗೆ ಒಬ್ಬಳೇ ಹೋದೆ. ಗಲ್ಲಾದಲ್ಲಿದ್ದವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿ, “ಫ್ಯಾಮಿಲಿ ರೂಮು ಆ ಕಡೆ ಇದೆ, ಅಮ್ಮಾ” ಎಂದರು. ಒಬ್ಬಳೇ ಹೆಂಗಸು ಫ್ಯಾಮಿಲಿ ಆಗುವುದು ಹೇಗೋ! ಮಾಸಿದ ಪರದೆಯ ಹಿಂದೆ ಕೂತು ಕಾಫಿಯನ್ನು ಗಟಗಟ ಕುಡಿದು ಬಂದೆ.

ಮುಂದಿನ ಭಾನುವಾರ ಅಮ್ಮನನ್ನು ವಿದ್ಯಾರ್ಥಿ ಭವನಕ್ಕೆ ಕರೆದುಕೊಂಡು ಹೋದೆ. ಅಪರಿಚಿತರ ಜೊತೆ ಒಂದೇ ಟೇಬಲ್ಲು. ಕೆಂಪಗೆ ಗರಿಗರಿಯಾದ ಮೈ, ಒಳಗೆ ಹತ್ತಿಯಂಥ ಮೆದು, ಮೇಲೆ ತೆಳ್ಳನೆಯ ಚಟ್ನಿ. ತಕರಾರು ಹೇಳಲೇಬೇಕೆಂದರೆ ಜಿಡ್ಡು ಜಾಸ್ತಿ, ಬೆರಳು ತೊಳೆದರೂ ಹೋಗುವುದಿಲ್ಲ. ಬೆನ್ನ ಹಿಂದೆ ಜನ ಕಾಯುತ್ತಿರುವಾಗ ಸಾವಕಾಶವಾಗಿ ತಿನ್ನುವ ಹಾಗೂ ಇಲ್ಲ. ಅಮ್ಮ ಮಾತ್ರ ಅವಸರಪಡಲಿಲ್ಲ. ಕೊನೆಯ ತುತ್ತು ಮುಗಿಸಿ, “ಓ, ಇದಕ್ಕಾ!” ಎಂದಳು. ಇಪ್ಪತ್ತು ವರ್ಷದ ಪ್ರಶ್ನೆಗೆ ಅವಳೇ ಉತ್ತರ ಕಂಡುಕೊಂಡಿದ್ದಳು.

ಈಗ ಅಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ನಿರಾಳವಾಗಿ ತಿಂದು ಹೋಗುವುದನ್ನು ನೋಡುತ್ತೇನೆ. ಅಮ್ಮ ಇದ್ದಿದ್ದರೆ ಖುಷಿಪಡುತ್ತಿದ್ದಳು. ಹೋಟೆಲಿನ ನೆನಪು ಬರೆಯುವ ಹಿರಿಯರಲ್ಲಿ ನನ್ನದೊಂದೇ ಬಿನ್ನಹ: ಬಿಸಿ ದೋಸೆಯ ಕಥೆ ಸಾಕಷ್ಟಾಯಿತು, ಪೊಟ್ಟಣ ಬಿಚ್ಚಿ ತಿಂದವರನ್ನೂ ಒಮ್ಮೆ ಕೇಳಿ.