ಹಳೇ ಜಿಪ್ಸಿಗೆ ಬೇರೆ ಎಂಜಿನ್, ಅದೂ ಮನೆಯಂಗಳದಲ್ಲಿ

ಮಾರುತಿ ಜಿಪ್ಸಿ ಪ್ರಿಯರಲ್ಲಿ ಎರಡು ಪಂಗಡ. 1985ರಲ್ಲಿ ಬಂದ ಮೊದಲ ಜಿಪ್ಸಿಯ 970 ಸಿ.ಸಿ. ಎಂಜಿನ್ನನ್ನು ಯಾರೂ ಮುಟ್ಟಕೂಡದು ಎನ್ನುವವರದು ಒಂದು. ಚಾರ್ಮಾಡಿ ಘಾಟಿಯ ಏರಿನಲ್ಲಿ ಹಿಂದಿನ ಲಾರಿಯವನು ಹಾರನ್ ಒತ್ತಿದ್ದನ್ನು ಮರೆಯದವರದು ಇನ್ನೊಂದು. ನಾನು ಎರಡನೆಯ ಕಡೆ. ಸುಮಾರು 45 ಅಶ್ವಶಕ್ತಿ, ನಾಲ್ಕೇ ಗೇರು. ಎಷ್ಟು ದಿನ ಸಹಿಸುವುದು? 1996ರ ಜಿಪ್ಸಿ ಕಿಂಗ್‌ನ 1298 ಸಿ.ಸಿ. ಎಂಜಿನ್ ಸುಮಾರು 60 ಅಶ್ವಶಕ್ತಿಯದು, ಗೇರು ಐದು. ಅದನ್ನು ಹಳೆಯದಕ್ಕೆ ಕೂರಿಸುವುದು ಸ್ನೇಹಿತರಿದ್ದರೆ ಮನೆಯಲ್ಲೇ ಆಗುವ ಕೆಲಸ.

ಆದರೆ ಎಂಜಿನ್ ಒಂದನ್ನೇ ಹೊತ್ತು ತರಬೇಡಿ. ಹಳೇ ಗೇರ್‌ಬಾಕ್ಸಿನ ಬೋಲ್ಟ್ ತೂತುಗಳು ಹೊಸ ಎಂಜಿನ್ನಿಗೆ ಕೂಡುವುದಿಲ್ಲ. ಎರಡನ್ನೂ ಜೋಡಿಯಾಗಿಯೇ ಕೊಳ್ಳಬೇಕು. ನಮ್ಮ ಪುಣ್ಯಕ್ಕೆ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಗಿಡ್ಡ ಶಾಫ್ಟೊಂದಿದೆ. ಅದರ ಉದ್ದ ಹೊಂದುತ್ತದೆಯೇ ಎಂದು ಅಳೆದುಕೊಂಡರಾಯಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎಸ್ಟೀಮ್ ಎಂಜಿನ್ ಕಂಡು ಆಸೆಪಡುವವರಿದ್ದಾರೆ. ಅದೂ ಅದೇ ಮನೆತನದ್ದು, ನಿಜ. ಆದರೆ ಎಸ್ಟೀಮ್‌ನಲ್ಲಿ ಅದು ಅಡ್ಡಲಾಗಿ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಆಯಿಲ್ ಸಂಪ್, ಮೌಂಟಿಂಗ್, ಮ್ಯಾನಿಫೋಲ್ಡ್ ಹೀಗೆ ಒಂದೊಂದೇ ತಕರಾರು ತೆಗೆಯುತ್ತದೆ. ಎಂಪಿಎಫ್‌ಐ ಆದರಂತೂ ವೈರಿಂಗ್ ಬಿಡಿಸುತ್ತ ಕೂರಬೇಕು. ಮನೆಗೆಲಸಕ್ಕೆ ಕಾರ್ಬೊರೇಟರ್ ಎಂಜಿನ್ನೇ ಸರಿ.

ಹಳೆಯದನ್ನು ಕಳಚಿ ಎತ್ತುವುದಕ್ಕೆ ಚೈನ್ ಪುಲ್ಲಿ ಸಾಕು. ಪುಲ್ಲಿಯನ್ನು ಕಬ್ಬಿಣದ ಗಟ್ಟಿ ಸ್ಟ್ಯಾಂಡಿಗೆ ಕಟ್ಟಿ, ಅಂಗಳದ ಮಾವಿನ ಕೊಂಬೆಗಲ್ಲ. ಕಳಚಿದ ಪ್ರತಿ ಹೋಸು, ವೈರಿಗೂ ಚೀಟಿ ಅಂಟಿಸಿ, ಫೋನಿನಲ್ಲಿ ಫೋಟೊ ತೆಗೆದಿಡಿ.

ಸ್ನೇಹಿತರ ನಿಜವಾದ ಪರೀಕ್ಷೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸುವಾಗ. ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳ ನಡುವೆ ನುಸುಳಬೇಕು. ಒಬ್ಬ ಸರಪಣಿ ಹಿಡಿದಿರುತ್ತಾನೆ, ಒಬ್ಬ ಕೆಳಗೆ ಟಾರ್ಚ್ ಹಿಡಿದು ಮಲಗಿರುತ್ತಾನೆ, ಇನ್ನೊಬ್ಬ ಕ್ರ್ಯಾಂಕನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ‘ಸ್ವಲ್ಪ ಎತ್ತೋ’, ‘ಇಳಿಸೋ ಮಾರಾಯ’ ಎನ್ನುತ್ತ ಅರ್ಧ ದಿನ ಹೋಗಬಹುದು. ಕೊನೆಯ ಒಂದಿಂಚು ಬಾಕಿಯಿರುವಾಗ ‘ಬೋಲ್ಟ್ ಬಿಗಿ ಮಾಡಿದ್ರೆ ತಾನೇ ಎಳ್ಕೊಳ್ಳುತ್ತೆ’ ಎಂದು ಸಲಹೆ ಕೊಡುವವನು ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅವನನ್ನು ಟೀ ತರಲು ಕಳಿಸಿ. ಹಾಗೆ ಎಳೆದರೆ ಹೌಸಿಂಗಿನ ಕಿವಿ ಮುರಿಯುತ್ತದೆ, ಇಲ್ಲವೇ ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ. ಕ್ಲಚ್ ಪ್ಲೇಟ್ ಸರಿಯಾಗಿ ನಡುವೆ ಕೂತಿದ್ದರೆ ಶಾಫ್ಟ್ ಕೈಬಲಕ್ಕೇ ಒಳಗೆ ಹೋಗುತ್ತದೆ.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹಿಂಬದಿಯ ಆಯಿಲ್ ಸೀಲ್, ಕ್ಲಚ್ ಬೇರಿಂಗ್ ಹೊಸತು ಹಾಕಿಬಿಡಿ. ಇಲ್ಲಿ ಜಿಪುಣತನ ಮಾಡಿದವರು ಮತ್ತೆ ಪುಲ್ಲಿ ಬಾಡಿಗೆಗೆ ತರುತ್ತಾರೆ. ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಕಾಯಿಲ್ ವೈರ್ ತೆಗೆದು, ಆಯಿಲ್ ದೀಪ ಆರುವವರೆಗೆ ಬರಿದೇ ತಿರುಗಿಸಿ.

ಇನ್ನು ಕಾಗದಪತ್ರ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಆದ್ದರಿಂದ ಗುಜರಿಯವನಿಂದ ಬಿಲ್ ಪಡೆಯದೆ ಎಂಜಿನ್ ತರಬೇಡಿ. ಬೇರೆ ಸಿ.ಸಿ.ಯ ಎಂಜಿನ್ನಿಗೆ ಅನುಮತಿ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಆರ್‌ಟಿಒದಲ್ಲಿ ಕೇಳಿ. ಸಿಕ್ಕರೆ, ಕೆಲಸ ಮುಗಿದ 14 ದಿನದೊಳಗೆ ಆರ್‌ಸಿ ಸಮೇತ ಅಲ್ಲಿಗೆ ವರದಿ ಮಾಡಬೇಕೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ.